ಗರಗಸದ ಬೀರುವಿನಲ್ಲಿರುವ ಪಂಪು

ಅಣ್ಣನಿಗೆ,

ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ. ಉಸಿರು ಹತೋಟಿಗೆ ಬಂದಿದೆ.

“ದಿನಾ ಅದನ್ನ ಎಳೀತಿದ್ರೆ ಚಟ ಹತ್ತುತ್ತೆ ಕಣೋ, ನಿಜವಾಗ್ಲೂ ಬೇಕಾದಾಗ ಕೇಳು, ಕೊಡ್ತೀನಿ” ಎಂದು ನೀನು ನನ್ನ ಉಬ್ಬಸದ ಪಂಪನ್ನು ಉಳಿ, ಗರಗಸಗಳ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮೊನ್ನೆ ಮರದ ಪುಡಿ ಎದೆಗಿಳಿದಾಗ ನಿಜವಾಗಿಯೂ ಬೇಕಾಯಿತು. ಕೇಳೋಣವೆಂದರೆ ನೀನು ಗಿರಾಕಿಯ ಮನೆಗೆ ಬಾಗಿಲು ಕೂರಿಸಲು ಹೋಗಿದ್ದೆ. ಬೀಗದ ಕೈ ನಿನ್ನ ಜೇಬಿನಲ್ಲಿತ್ತು.

ನಿನ್ನೆ ಅತ್ತಿಗೆ ಬಂದಿದ್ದರು. ಹೋದ ತಿಂಗಳು ನಿನ್ನ ಮಗಳಿಗೂ ಉಬ್ಬಸ ಶುರುವಾಯಿತಂತೆ. ಶಾಲೆಯ ಚೀಲಕ್ಕೊಂದು, ದಿಂಬಿನ ಕೆಳಗೊಂದು ಎಂದು ಅವತ್ತೇ ಎರಡು ಪಂಪು ತಂದುಕೊಟ್ಟೆಯಂತೆ. ಒಳ್ಳೆಯದು ಮಾಡಿದೆ, ಅವು ಅವಳ ಕೈಗೆಟಕುವಂತೆಯೇ ಇರಲಿ.

ನನ್ನದನ್ನು ಯಾರ ಕೈಲಾದರೂ ಕಳಿಸು. ನೀನು ಬರಬೇಡ, ನಿನ್ನ ಹತ್ತಿರ ಮಾತಾಡುವಷ್ಟು ಉಸಿರು ಇನ್ನೂ ಬಂದಿಲ್ಲ.

ಇಂತಿ,
ನಿನ್ನ ಚಟಗಾರ ತಮ್ಮ