ಹಸಿದ ಕೌದಿ

ಮೃಣಾಲಿನಿ,

ಇವತ್ತು ಆಳಂದದಲ್ಲಿ ದಿಂಬಿನ ಗಲೀಫಿಗೆಂದು ಬಟ್ಟೆ ಕೇಳಿದೆ. ಅಂಗಡಿಯವರು ಬಿಚ್ಚಿ ಹಾಸಿದ್ದು ನಮ್ಮವ್ವನ ಕೌದಿ! ಹೊಲಿದದ್ದಲ್ಲ, ಅದರ ಚಿತ್ತಾರವನ್ನೇ ಬಟ್ಟೆಯ ಮೇಲೆ ಅಚ್ಚು ಹಾಕಿದ್ದು. ಅಂಚಿನಲ್ಲಿ ‘ವಿನ್ಯಾಸ: ಮೃಣಾಲಿನಿ’ ಎಂದಿತ್ತು.

"ಹದಿನೈದು ದಿನ ಕೊಡ್ರಿ ಕಾಕು, ನೋಡಿ ಕಲೀತೇನಿ" ಎಂದು ನೀನು ಆ ಕೌದಿ ಒಯ್ದು ಎರಡು ವರ್ಷವಾಯಿತು. ಅವ್ವನ ಡೊಂಕು ಹೊಲಿಗೆ, ನನ್ನ ಹಳೆಯ ಲಂಗದ ತುಂಡು, ಎಲ್ಲ ಅಚ್ಚಿನಲ್ಲೂ ಹಾಗೇ ಇವೆ. ನಮ್ಮ ಪಡಸಾಲೆಯಲ್ಲಿ ಕೂತು ನೀನು ಹಚ್ಚಿದ್ದ ಸೊಟ್ಟ ಹಸಿರು ತೇಪೆಯನ್ನು ಮಾತ್ರ ನೆಟ್ಟಗೆ ಮಾಡಿಕೊಂಡಿದ್ದೀಯ.

ಸಿಟ್ಟಿನಲ್ಲೇ ಒಂದು ಮೀಟರ್ ತಂದೆ. ಕಣ್ಣು ಮಂಜಾದ ಅವ್ವ ಅದನ್ನು ಕೌದಿಯೆಂದೇ ತಿಳಿದು ಅದರ ಮೇಲೆ ಬೆರಳಾಡಿಸಿದಳು.

"ಹೊಲಿಗಿ ಕೈಗಿ ಹತ್ತವಲ್ದಲ್ಲ ಬೇ. ಯಾರು ಮಾಡ್ಯಾರ?"

"ಮೃಣಾಲಿನಿ ಮಾಡ್ಯಾಳವ್ವ."

ಅವ್ವ ಹಿಗ್ಗಿದಳು. "ಮೂಲ್ಯಾಗ ರೊಟ್ಟಿ ಚೂರು ಇಟ್ಟಾಳಿಲ್ಲೊ? ಕೌದಿ ಹಸಿದಿರಬಾರ್ದಂತ ಅಕಿಗಿ ಹೇಳಿಕೊಟ್ಟಿದ್ದೆ."

"ಇಟ್ಟಾಳ" ಎಂದುಬಿಟ್ಟೆ.

ಆಮೇಲೆ ಅದೇ ಬಟ್ಟೆಯಲ್ಲಿ ಗಲೀಫು ಹೊಲಿಯಲು ಕೂತೆ. ಕೊನೆಯ ಮೂಲೆ ಮುಚ್ಚುವ ಮೊದಲು ಅಡಿಗೆಮನೆಗೆ ಹೋಗಿ ಜೋಳದ ರೊಟ್ಟಿ ಮುರಿದು ತಂದು, ನೀನು ಇಡಬೇಕಿದ್ದ ಚೂರನ್ನು ನಾನೇ ಇಟ್ಟು ಹೊಲಿದೆ. ಅವ್ವ ಮೂಲೆ ಮುಟ್ಟಿ ನೋಡಿ, "ಮೃಣಾಲಿನಿ ಕೈ ತಣ್ಣಗಿರ್ಲಿ" ಎಂದು ನಿನ್ನನ್ನು ಹರಸಿ, ಈಗ ಅದರ ಮೇಲೆಯೇ ತಲೆಯಿಟ್ಟು ಮಲಗಿದ್ದಾಳೆ.