ಅಬ್ಬಾ ಹೊಲಿದ ಹಸಿರು ಪಟ್ಟಿ

ಬಿಳೂರ
14 ಆಗಸ್ಟ್ 2025

ನನ್ನ ಮುದ್ದು ಸನಾ,

ನಿನಗೂ, ಮಿರಜದಲ್ಲಿ ನಿನ್ನನ್ನು ಇಟ್ಟುಕೊಂಡಿರುವ ನನ್ನ ತಂಗಿ ಫರೀನ ಖಾಲಾಗೂ ದುವಾ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಮುಂದಿನ ಕೋಣೆಯೇ ಅಂಗಡಿ. ನಾನು ಫೋನ್ ಹಿಡಿದರೆ ಸಾಕು, ನಿನ್ನ ಅಬ್ಬಾ ಹೊಲಿಗೆ ಯಂತ್ರ ನಿಲ್ಲಿಸಿ ಕಿವಿಗೊಡುತ್ತಾರೆ. ಅದಕ್ಕೇ ಈ ಕಾಗದ. ನಾಳೆ ನಿನ್ನ ಅಣ್ಣ ಸೈಫ ಮಿರಜಕ್ಕೆ ಬಂದಾಗ ಕೊಡುತ್ತಾನೆ.

ಸೋಮವಾರದೊಳಗೆ ಸೀಟು ಗಟ್ಟಿ ಮಾಡಬೇಕು, ಅಲ್ಲೇ ಬಿ.ಎಸ್ಸಿ. ನರ್ಸಿಂಗ್ ಸೇರಲೋ, ಜತ್ತಕ್ಕೆ ಬಂದು ಡಿಪ್ಲೊಮಾ ಮಾಡಲೋ ಎಂದು ಕೇಳಿದ್ದೀ. ಡಿಗ್ರಿ ಇದ್ದರೆ ಜರ್ಮನಿಯ ದಾರಿ ಸಲೀಸು, ಆದರೆ ಅಬ್ಬಾ ಕಳಿಸದಿದ್ದರೆ ಅಷ್ಟು ಓದಿ ಏನು ಮಾಡಲಿ ಅಂದೆ. ಹುಚ್ಚಿ! ಡಿಗ್ರಿಯನ್ನೇ ತಗೋ. ಭಾಷೆಯ ಹೆದರಿಕೆಯಂತೂ ಬೇಡ. ಮನೆಯಲ್ಲಿ ಅಜ್ಜಿ ದಾದಿಯ ಹತ್ತಿರ ದಖನಿ ಉರ್ದು, ಓಣಿಯಲ್ಲಿ ಕನ್ನಡ, ಕಾಲೇಜಿನಲ್ಲಿ ಮರಾಠಿ ಎಂದು ನಾಲಿಗೆ ಹೊರಳಿಸುತ್ತಲೇ ಬೆಳೆದವಳು ನೀನು. ಜರ್ಮನ್ ಏನು ಮಹಾ!

ಅಬ್ಬಾ ನನ್ನೆದುರು ಇನ್ನೂ ಮುಖ ಗಂಟು ಹಾಕಿಕೊಂಡೇ ಇದ್ದಾರೆ. ಡಿಗ್ರಿ ಬೇಕಾದರೆ ಮಾಡಲಿ, ಹೊರದೇಶದ ಮಾತು ಮಾತ್ರ ಎತ್ತಬೇಡ ಎನ್ನುತ್ತಾರೆ. ಅಂಗಡಿಯಲ್ಲಿನ ಕಥೆಯೇ ಬೇರೆ. ಮೊನ್ನೆ ತಮ್ಮಣ್ಣ ಕಾಕಾ ಅಂಗಿ ಹೊಲಿಸಲು ಬಂದವರು, ಯಾರದೋ ಗಾಯ ತೊಳೆಯಲು ಹುಡುಗಿ ಅಷ್ಟು ದೂರ ಯಾಕೆ ಹೋಗಬೇಕು ಎಂದರು. ಹಿಂದಿನ ದಿನ ಅಬ್ಬಾ ನನಗೆ ಹೇಳಿದ್ದೂ ಅದೇ ಮಾತು! ನಾನು ಪರದೆಯ ಹಿಂದೆ ಕಿವಿಗೊಟ್ಟು ನಿಂತೆ. ಕೊರಳಲ್ಲಿ ಟೇಪು ನೇತಾಡಿಸಿಕೊಂಡು ಅಬ್ಬಾ ಅಂದರು:

"ತಮ್ಮಣ್ಣಾ, ನನ್ನ ಮಗಳು ಬರೇ ಗಾಯಾ ತೊಳಿಯಾಕಿ ಅಲ್ಲೋ, ಜೀವಾ ಉಳಸಾಕಿ. ಜರ್ಮನಿದವ್ರು ತಾವಾಗೇ ಕರದು ಕುಂದ್ರಸ್ತಾರ ನೋಡ."

ನನಗೆ ನಗುವೂ ಬಂತು, ಕಣ್ಣೂ ತುಂಬಿತು. ನಿನ್ನ ಗುಣಗಾನದ ಭರದಲ್ಲಿ ಅಬ್ಬಾ ಕಾಕಾನ ಅಳತೆ ತೆಗೆದುಕೊಳ್ಳುವುದನ್ನೇ ಮರೆತರು. ಪಾಪ, ಅವರು ನಿನ್ನೆ ಮತ್ತೆ ಬಂದು ಹೋದರು.

ಏಳನೆಯ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ನನಗೆ ಇಂಥ ಮಗಳು! ಓಣಿಯಲ್ಲಿ ನಡೆಯುವಾಗ ತಲೆ ತಾನಾಗಿಯೇ ಎತ್ತರವಾಗುತ್ತದೆ. ಹೊಟ್ಟೆ ತುಂಬ ಉಣ್ಣು, ಸೋಮವಾರದವರೆಗೆ ಕಾಯಬೇಡ, ಶನಿವಾರವೇ ಹೋಗಿ ಸೀಟು ಗಟ್ಟಿ ಮಾಡು.

ನಿನ್ನ ಮೇಲೆ ಜೀವ ಇಟ್ಟುಕೊಂಡಿರುವ,
ಅಮ್ಮಿ

ತಾ.ಕ.: ಕಾಗದ ಮಡಚುವಾಗ ಅಬ್ಬಾ ಬಂದು ಒಂದು ಹಸಿರು ಪಟ್ಟಿ ಕೈಗಿಟ್ಟರು, ನಡುವೆ ನಾಣ್ಯ ಇಟ್ಟು ಹೊಲಿದದ್ದು. ದೂರದೇಶಕ್ಕೆ ಹೊರಟವರ ತೋಳಿಗೆ ರಕ್ಷೆಯಾಗಿ ಕಟ್ಟುವ ಇಮಾಮ್ ಜಾಮಿನ್! ಗುಟ್ಟಾಗಿ ಬರೆದೆ ಅಂದುಕೊಂಡಿದ್ದೆ, ಅವರಿಗೆ ಎಲ್ಲ ಗೊತ್ತಿದೆ. ಮಿರಜಕ್ಕೆ ಹೋದವಳಿಗೆ ಇದ್ಯಾಕೆ ಎಂದು ಕೇಳಿದೆ. ನನ್ನ ಮುಖ ನೋಡದೆ ಅಂದರು: "ಮಿರಜಕ್ಕಲ್ಲ. ಈಗ ಕಟ್ಕೋಬ್ಯಾಡ ಅನ್ನು, ಜ್ವಾಕಿಯಿಂದ ಇಟ್ಕೊಳ್ಳಲಿ. ವಿಮಾನ ಏರೂ ದಿನಾ ನಾನೇ ಕಟ್ತೀನಿ."