ಸಾರು ಹೇಗಿತ್ತು ಎಂದು ಕೇಳುತ್ತಿದ್ದವಳಿಗೆ

ನನ್ನ ಮನೆಯವಳೇ, ಲೂರ್ದೂ,

ಇತ್ತ ನಾನು ಕ್ಷೇಮ, ಅತ್ತ ನಿನ್ನ ಕ್ಷೇಮಕ್ಕೆ ಬರೆಯುವುದು ಎಂದು ಶುರು ಮಾಡಿದವನು ಪೆನ್ನು ಕೆಳಗಿಟ್ಟು ಒಂದು ಲೋಟ ನೀರು ಕುಡಿದೆ. ತೀರಿಕೊಂಡವರ ಕ್ಷೇಮವನ್ನು ಯಾವ ಒಕ್ಕಣೆಯಲ್ಲಿ ಕೇಳಬೇಕು? ಕಾಲೇಜಿನಲ್ಲಿ ಇಂಗ್ಲಿಷ್ ಲೆಕ್ಚರರು ಲೆಟರ್ ರೈಟಿಂಗ್ ಎಂದು ಒಂದು ತಿಂಗಳು ಪಾಠ ಮಾಡಿದ್ದರು. ಲೀವ್ ಲೆಟರ್ ಆಯಿತು, ಕಂಪ್ಲೇಂಟ್ ಲೆಟರ್ ಆಯಿತು, ಕಂಡೋಲೆನ್ಸ್ ಲೆಟರೂ ಆಯಿತು. ಸತ್ತವರಿಗೇ ಬರೆಯುವ ಲೆಟರಿನ ದಿನ ನಾನು ಆಬ್ಸೆಂಟ್ ಆಗಿದ್ದೆನೋ ಏನೋ. 'ಹೋಪಿಂಗ್ ದಿಸ್ ಫೈಂಡ್ಸ್ ಯೂ ಇನ್ ದಿ ಸೇಮ್ ಕಂಡಿಷನ್' ಎಂದು ಬರೆದರೆ ನೀನು ಮಲಗಿದ್ದಲ್ಲಿಂದಲೇ ನಗುತ್ತೀಯ. "ಇಂಗ್ಲಿಷ್ ನೋಡು ಇವರ್ದು! ಪಿಯುಸಿ ಎರಡು ಸಲ ಕಟ್ಟಿದೋರು" ಎನ್ನುತ್ತೀಯ.

ನಿನಗೆ ಎರಡು ಸುದ್ದಿ ಹೇಳಬೇಕು, ಆಮೇಲೆ ಒಂದು ಮಾತು. ಮೊದಲ ಸುದ್ದಿ, ಚಿಕ್ಕಬಳ್ಳಾಪುರ ಈಗ ಜಿಲ್ಲೆಯಾಗಿದೆ. ನಾನು ಶಿಡ್ಲಘಟ್ಟದ ನಮ್ಮ ಅದೇ ಮನೆಯಲ್ಲಿ, ಅದೇ ಮುರುಕು ಈಸಿಚೇರಿನಲ್ಲಿ ಕೂತಂತೆಯೇ ಕೋಲಾರ ಜಿಲ್ಲೆ ಬಿಟ್ಟು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿಬಿಟ್ಟೆ. ಅದಕ್ಕೆ ಯಾರೂ ಅಳಲಿಲ್ಲ. ಎರಡನೆಯ ಸುದ್ದಿ, ನಾನು ನಮ್ಮ ಕಥೋಲಿಕ ಸಭೆ ಬಿಟ್ಟು ಮೇಲೂರಿನ ಪ್ರಾರ್ಥನಾ ಮನೆಗೆ ಸೇರಿದ್ದೇನೆ. ಅದಕ್ಕೆ ನಿನ್ನ ಅಕ್ಕ ಸಿಸಿಲಿಯಮ್ಮ ಮೂರು ದಿನ ಅತ್ತಳು. ಏಳಬೇಡ, ಮಲಗೇ ಇರು. ಪೂರ್ತಿ ಕೇಳು.

ಇದನ್ನೆಲ್ಲ ಸಮಾಧಿಯ ಹತ್ತಿರ ಬಂದು ಬಾಯಲ್ಲೇ ಹೇಳಬಹುದಿತ್ತು. ಆದರೆ ನಮ್ಮ ಹೊಸ ಸಭೆಯಲ್ಲಿ ಸತ್ತವರ ಜೊತೆ ಮಾತಾಡುವ ಹಾಗಿಲ್ಲ. ಪಾಸ್ಟರ್ ಯೇಸುರತ್ನಂ ವಚನ ತೆಗೆದು ತೋರಿಸಿದರು. "ಕಾಗದ ಬರೀಬಹುದಾ?" ಎಂದೆ. ಅವರು ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. "ಅದಿ... ಕಾಗದದ ಬಗ್ಗೆ ನೋಡಿ ಹೇಳ್ತೀನಿ ಅಣ್ಣಾ" ಎಂದರು. ಮೂರು ವಾರದಿಂದ ಹುಡುಕುತ್ತಿದ್ದಾರೆ. ವಚನ ಸಿಗುವುದರೊಳಗೆ ಬರೆದು ಮುಗಿಸಬೇಕು.

ನಿನ್ನ ಮೂವತ್ತನೆಯ ದಿನದ ಪೂಜೆ ನೆನಪಾಗುತ್ತದೆ. ಹೊಸ ಫಾದರ್ ಬಂದಿದ್ದರು, ಚಿಕ್ಕ ವಯಸ್ಸಿನವರು. ಚಿಕ್ಕಬಳ್ಳಾಪುರದಿಂದ ಬೈಕಿನಲ್ಲಿ ತಿಂಗಳಿಗೆ ಎರಡು ಭಾನುವಾರ ಬರುವವರು. ಅವರು ಒಂದೇ ಉಸಿರಿನಲ್ಲಿ "ಹೊಸ ಟ್ರ್ಯಾಕ್ಟರ್ ತಂದ ಕೃತಜ್ಞತೆಗಾಗಿ, ಲೂರ್ದಮ್ಮನವರ ಆತ್ಮಶಾಂತಿಗಾಗಿ, ಪರೀಕ್ಷೆ ಬರೆಯುವ ಮಕ್ಕಳಿಗಾಗಿ" ಎಂದು ಓದಿದರು. ನೀನು ಟ್ರ್ಯಾಕ್ಟರಿಗೂ ಪರೀಕ್ಷೆಗೂ ನಡುವೆ ಸಿಕ್ಕಿಕೊಂಡೆ. ಪೂಜೆ ಮುಗಿದ ಮೇಲೆ ನಿನ್ನ ವಿಷಯ ನಾಲ್ಕು ಮಾತು ಹೇಳೋಣವೆಂದು ಬಾಗಿಲಲ್ಲಿ ಕಾದೆ. ಅವರು ಆಗಲೇ ಹೆಲ್ಮೆಟ್ ಹಾಕಿದ್ದರು, ಮುಂದಿನ ಊರಿನ ಪೂಜೆಗೆ ಹೊತ್ತಾಗಿತ್ತು. "ಮನೇಲಿ ಎಲ್ಲಾ ಚೆನ್ನಾಗಿದೀರಾ?" ಎಂದು ಕಿಕ್ ಹೊಡೆದು ಹೋದರು. ಎಲ್ಲಾ ಅಂದರೆ ಯಾರು? ಮಕ್ಕಳಿಲ್ಲದ ಮನೆ, ನೀನೂ ಇಲ್ಲ. ನಾನೊಬ್ಬನೇ ಎಲ್ಲಾ.

ಆಮೇಲೆ ಒಂದು ಸಂಜೆ ಮೇಲೂರಿನಲ್ಲಿ ಬಸ್ಸು ತಪ್ಪಿತು. ರೇಷ್ಮೆ ಇಲಾಖೆಯಿಂದ ರಿಟೈರಾದರೂ ಹಳೆಯ ರೈತರು ರೇಷ್ಮೆಹುಳು ಜ್ವರಕ್ಕೆ ಕೂತರೆ ನನ್ನನ್ನೇ ಕರೆಯುತ್ತಾರೆ. ನಿನಗೆ ಗೊತ್ತಲ್ಲ, ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ನೋಡಿ ಬರುವಾಗ ಕತ್ತಲಾಗುತ್ತಿತ್ತು. ರಸ್ತೆ ಪಕ್ಕದ ಹಳೆಯ ಹುಳುಮನೆಯ ಜಗಲಿಯಲ್ಲಿ ಕೂತೆ. ಸರ್ವೀಸಿನಲ್ಲಿದ್ದಾಗ 'ಈ ಶೆಡ್ಡಿಗೆ ಗಾಳಿ ಸಾಲದು, ಹುಳುವಿಗೆ ಯೋಗ್ಯವಲ್ಲ' ಎಂದು ನಾನೇ ರಿಪೋರ್ಟ್ ಬರೆದಿದ್ದ ಶೆಡ್ಡು. ಈಗ ಅದರಲ್ಲಿ ಮನುಷ್ಯರು ಕೂತು ಹಾಡುತ್ತಿದ್ದರು. ಒಳಗಿನಿಂದ ಪಾಸ್ಟರ ಹೆಂಡತಿ ಗ್ರೇಸಮ್ಮ ಬಂದು ನನ್ನ ಚೀಲ ನೋಡಿದಳು.

"ಅಣ್ಣಾ, ಮನೇಲಿ ಅಡಿಗೆ ಯಾರು ಮಾಡ್ತಾರೆ?"

"ನಾನೇ ಕಣಮ್ಮಾ."

"ಇವತ್ತೇನ್ ಮಾಡ್ತೀರಾ?"

"ಬನ್ನು."

"ಬನ್ನು ಮಾಡೋದೇನಣ್ಣಾ, ಕವರ್ ಬಿಚ್ಚೋದು ತಾನೆ! ಬನ್ನಿ ಒಳಕ್ಕೆ."

ಲೂರ್ದೂ, ಬೇರೆಯವರು ಬೇರೆ ಬೇರೆ ಕಾರಣಕ್ಕೆ ಅಲ್ಲಿಗೆ ಹೋದವರು. ರಾಯಪ್ಪನಿಗೆ ನಮ್ಮ ಗಾಯನ ಮಂಡಳಿಯಲ್ಲಿ ಡೋಲಕ್ ಬಾರಿಸಲು ಬಿಡಲಿಲ್ಲ, ಇಲ್ಲಿ ಬಿಟ್ಟರು. ಈಗ ಇಲ್ಲಿರುವವರು ಪಶ್ಚಾತ್ತಾಪ ಪಡುತ್ತಿದ್ದಾರೆ. ಚೌರಪ್ಪನ ಮಗಳ ಮದುವೆಗೆ, ಈಸ್ಟರಿಗೆ ಮುಂಚೆ ಮದುವೆ ಮಾಡಿಸದ ತಪಸ್ಸುಕಾಲ ಅಡ್ಡ ಬಂತು. ಇನ್ನೊಬ್ಬ ಬೈಬಲ್ಲನ್ನು ತಾನೇ ಓದಬೇಕೆಂದು ಬಂದ. ಇಂಥವನು ಇಂಥವನನ್ನು ಪಡೆದನು ಎಂಬ ವಂಶಾವಳಿಯಲ್ಲಿ ಸಿಕ್ಕಿಕೊಂಡು ಇನ್ನೂ ಅಲ್ಲೇ ಇದ್ದಾನೆ. ಪಾಸ್ಟರ ಎರಡೂವರೆ ಗಂಟೆಯ ಪ್ರಸಂಗ ತಾಳಲಾರದೆ ಇಲ್ಲಿಂದ ನಮ್ಮ ಮುಕ್ಕಾಲು ಗಂಟೆಯ ಪೂಜೆಗೆ ಓಡಿಹೋದವರೂ ಇದ್ದಾರೆ. ನನ್ನದು ಮಾತ್ರ ಥಿಯಾಲಜಿ ಅಲ್ಲ, ಬಸ್ಸಾರು. ಎರಡು ಮುದ್ದೆ, ಹುರುಳಿಕಾಳಿನ ಬಸ್ಸಾರು. ನಿನ್ನಷ್ಟು ಹದವಿರಲಿಲ್ಲ, ಉಪ್ಪು ಒಂದು ಹರಳು ಮುಂದಿತ್ತು. ಗ್ರೇಸಮ್ಮ ಎದುರಿಗೆ ನಿಂತು "ಹೆಂಗಿದೆ ಅಣ್ಣಾ?" ಎಂದಳು. ನಾನು ತಕ್ಷಣ "ತುಂಬಾ ಚೆನ್ನಾಗಿದೆಯಮ್ಮಾ" ಎಂದೆ.

ಅಂದವನು ಹಿಡಿದ ತುತ್ತನ್ನು ತಟ್ಟೆಗೇ ಇಟ್ಟೆ. ನೀನು ಮೂವತ್ತನಾಲ್ಕು ವರ್ಷ, ಎರಡು ಹೊತ್ತೂ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ "ಸಾರು ಹೆಂಗಿತ್ತು?" ಎಂದು ಕೇಳಿದೆ. ನಾನು ಮೂವತ್ತನಾಲ್ಕು ವರ್ಷ ಏನೆಂದೆ?

"ಪರವಾಗಿಲ್ಲ."

ಆ ಸಭೆಯಲ್ಲಿ ಸಾಕ್ಷಿ ಹೇಳುವುದು ಎಂದಿದೆ. ಒಬ್ಬೊಬ್ಬರೂ ಎದ್ದು ತಾನು ಎಂಥ ಪಾಪದಿಂದ ಪಾರಾದೆ ಎಂದು ಹೇಳಬೇಕು. ನನ್ನ ಸರದಿ ಬರುವುದಕ್ಕೆ ಮುಂಚೆ ಒಬ್ಬ ಬ್ರಾಂದಿಯ ಕಥೆ ಹೇಳಿ ಎಲ್ಲರ ಕೈಲೂ ಸ್ತೋತ್ರ ಹೇಳಿಸಿದ್ದ. ನನಗೋ ಒಂದು ನೆಟ್ಟಗಿನ ಪಾಪವಿಲ್ಲ. ಕುಡಿಯಲಿಲ್ಲ, ಇಸ್ಪೀಟಾಡಲಿಲ್ಲ. ಸಕ್ಕರೆ ಕಾಯಿಲೆಯಲ್ಲಿ ಕದ್ದು ಜಿಲೇಬಿ ತಿಂದಿದ್ದು ಸಭೆಗೆ ಸಾಲುತ್ತದೆಯೇ? ಎದ್ದು ನಿಂತು, ತಡವರಿಸಿದಾಗಲೆಲ್ಲ ಬಾಯಿಗೆ ಬರುವ ನನ್ನ ಇಂಗ್ಲಿಷಿನಲ್ಲಿ ಒಂದಿಷ್ಟು ಹೊತ್ತು ನೆವರ್‌ದಿಲೆಸ್, ನೆವರ್‌ದಿಲೆಸ್ ಎಂದೆ. ಆಮೇಲೆ ನಿನ್ನ ಸಾರಿನ ವಿಷಯ ಹೇಳಿಬಿಟ್ಟೆ. ಅರ್ಧ ಗಂಟೆ ಹೇಳಿದೆ ಕಣೇ. ನೀನು ಕಾಳು ಬಸಿಯುತ್ತಿದ್ದದ್ದು, ಒಲೆ ಹೊಗೆಗೆ ಕಣ್ಣು ಕಿರಿದು ಮಾಡಿ ನನ್ನ ಮುಖವನ್ನೇ ನೋಡುತ್ತಿದ್ದದ್ದು. ಯಾರೂ ಹೆಲ್ಮೆಟ್ ಹಾಕಿಕೊಳ್ಳಲಿಲ್ಲ. ಹೆಂಗಸರ ಚಾಪೆಯಲ್ಲಿ ಅರ್ಧ ಜನ ಅತ್ತರು, ಅರ್ಧ ಜನ ಗಂಡಸರ ಚಾಪೆಯ ಕಡೆ ದುರುಗುಟ್ಟಿ ನೋಡಿದರು. ಗ್ರೇಸಮ್ಮ ಗಂಡನನ್ನು ನೋಡುತ್ತಾ, "ಇದಕ್ಕಿಂತ ದೊಡ್ಡ ಪಾಪ ಯಾವ್ದಿದೆ ಅಣ್ಣಾ!" ಎಂದಳು. ಪಾಸ್ಟರು ಆ ದಿನ ಪ್ರಸಂಗವನ್ನು ಬೇಗ ಮುಗಿಸಿದರು.

ಸುದ್ದಿ ತಿಳಿದು ನಿನ್ನ ಅಕ್ಕ ಚಿಕ್ಕಬಳ್ಳಾಪುರದಿಂದ ಮೊದಲ ಬಸ್ಸಿಗೇ ಬಂದಳು. ಚಪ್ಪಲಿಯನ್ನೂ ಬಿಡದೆ ಶುರು ಮಾಡಿದಳು.

"ಎಷ್ಟು ಕೊಟ್ರಯ್ಯಾ ನಿಂಗೆ?"

"ಎರಡು ಮುದ್ದೆ ಅಕ್ಕಾ."

"ತಮಾಷೆ ಮಾಡ್ತೀಯಾ! ಮುತ್ತಾತನ ಕಾಲದಿಂದ ಬಂದ ಧರ್ಮಾನ ಮುದ್ದೆಗೆ ಮಾರ್ಕೊಂಡ್ಯಾ? ಜ್ಞಾನಸ್ನಾನ ಆದೋನ್ನ ಮತ್ತೆ ನೀರಲ್ಲಿ ಮುಳುಗಿಸ್ತಾರಂತೆ?"

ಅದನ್ನು ನಾನೂ ಕೇಳಿದ್ದೆ. "ಪಾಸ್ಟರೇ, ಕೂಸಾಗಿದ್ದಾಗಲೇ ಒಂದ್ಸಲ ಆಗಿದೆಯಲ್ಲ?" ಎಂದರೆ, "ಆಗ ನಿಮಗೆ ಏನು ನಡೀತಿದೆ ಅಂತ ಗೊತ್ತಿತ್ತಾ ಅಣ್ಣಾ?" ಎಂದರು. "ಮದುವೇಲೂ ಗೊತ್ತಿರಲಿಲ್ಲ. ಅದನ್ನೂ ಇನ್ನೊಂದ್ಸಲ ಮಾಡ್ಕೋಬೇಕಾ?" ಎಂದೆ. ಅವರು ಆ ವಚನವನ್ನೂ ಹುಡುಕುತ್ತಿರಬೇಕು.

ಎಲ್ಲ ಬಿಡುವುದು ಸುಲಭವಾಗಿರಲಿಲ್ಲ. ಒಂದು ಸಲ ನನ್ನ ಕನ್ನಡಕ ಕಳೆಯಿತು. ನೀನಿದ್ದಿದ್ದರೆ ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತೋಣಿಯವರಿಗೆ ಒಂದು ಮೇಣದಬತ್ತಿ ಹೇಳಿಕೊಂಡು ಐದು ನಿಮಿಷದಲ್ಲಿ ಹುಡುಕುತ್ತಿದ್ದೆ. ಪಾಸ್ಟರು "ನಡುವೆ ಯಾರೂ ಬೇಡ, ನೇರವಾಗಿ ದೊಡ್ಡೋರನ್ನೇ ಕೇಳಿ" ಎಂದರು. ಮೂವತ್ತು ವರ್ಷ ಸರ್ಕಾರಿ ನೌಕರಿ ಮಾಡಿದವನು ನಾನು. ಚಪ್ಪಲಿ ಕಳೆದಿದೆ ಎಂದು ಯಾರಾದರೂ ಡಿಸಿ ಸಾಹೇಬರ ಚೇಂಬರಿಗೆ ನುಗ್ಗುತ್ತಾರೆಯೇ? ನಾಚಿಕೆಯಿಂದ ಕೇಳಲೇ ಇಲ್ಲ. ನಾಲ್ಕು ದಿನ ಕಣ್ಣು ಕಾಣದೆ ಓಡಾಡಿದೆ. ಕೊನೆಗೆ ಅದು ಅಕ್ಕಿ ಡಬ್ಬದಲ್ಲಿ ಸಿಕ್ಕಿತು. ಯಾರು ಹುಡುಕಿಕೊಟ್ಟರು ಎಂದು ನಾನು ವಿಚಾರಿಸಲು ಹೋಗಲಿಲ್ಲ.

ಆದರೆ ಸಾರಿನ ಮಾತೊಂದು ಉಳಿದಿತ್ತು. ನಿನ್ನ ಬಗ್ಗೆ ಊರಿಗೆಲ್ಲ ಹೇಳಿದ್ದೆ, ನಿನಗೆ ಹೇಳಿರಲಿಲ್ಲ. ಹೊಸ ಸಭೆಯಲ್ಲಿ ನಿನ್ನ ವಿಷಯ ಎಷ್ಟು ಬೇಕಾದರೂ ಮಾತಾಡಬಹುದು, ನಿನ್ನ ಜೊತೆ ಒಂದು ಮಾತೂ ಆಡುವ ಹಾಗಿಲ್ಲ. ಮುಳುಗುಸ್ನಾನಕ್ಕೆ ಒಂದು ವಾರವಿತ್ತು. ಅಷ್ಟರಲ್ಲಿ ಸತ್ತವರ ಹಬ್ಬ ಬಂತು. ಕಳೆ ಕೀಳುವುದು ಪ್ರಾರ್ಥನೆಯಲ್ಲವಲ್ಲ ಎಂದುಕೊಂಡು ಕುಡುಗೋಲು ಹಿಡಿದು ಸ್ಮಶಾನಕ್ಕೆ ಬಂದೆ. ನಿನ್ನ ತಲೆಯ ಹತ್ತಿರದ ಹುಲ್ಲೆಲ್ಲ ಕಿತ್ತೆ. ಸುತ್ತ ನೋಡಿದೆ, ಯಾರೂ ಇರಲಿಲ್ಲ. ಗಂಟಲು ಸರಿಮಾಡಿಕೊಂಡು "ಅಲ್ಲ ಕಣೇ, ಆ ಸಾರು..." ಎಂದೆ.

"ಸಿಕ್ಕಿಬಿದ್ಯಲ್ಲಯ್ಯಾ!" ಹಿಂದೆ ನಿನ್ನ ಅಕ್ಕ, ಕೈಯಲ್ಲಿ ಒಂದು ಕಟ್ಟು ಮೇಣದಬತ್ತಿ. "ಆ ಕಡೆ ನೀರಿಗಿಳೀತೀಯ, ಈ ಕಡೆ ಬಂದು ಮಾತಾಡ್ತೀಯ. ನೋಡು, ನಮ್ಮ ಲೂರ್ದು ಪಕ್ಕದ ಈ ಜಾಗ ನಮ್ಮೋರಿಗೆ ಮಾತ್ರ. ನೀರಿಗಿಳಿದ್ಯೋ, ಇಲ್ಲಿ ನಿಂಗೆ ಆರಡಿ ಇಲ್ಲ."

ಅಲ್ಲಿಗೆ ನಾನು ಕುಡುಗೋಲು ಕೆಳಗಿಟ್ಟೆ ನೋಡು. ದೇವಾಲಯದಲ್ಲಿ ಇಷ್ಟು ವರ್ಷ ನೀನು ಹೆಂಗಸರ ಕಡೆ, ನಾನು ಗಂಡಸರ ಕಡೆ. ಹುಳುಮನೆಯಲ್ಲೂ ಚಾಪೆ ಬೇರೆಬೇರೆ. ಗಂಡಹೆಂಡತಿಯನ್ನು ಪಕ್ಕಪಕ್ಕ ಬಿಡುವುದು ಸ್ಮಶಾನದಲ್ಲಿ ಮಾತ್ರ. ಆ ಜಾಗವನ್ನೂ ಬಿಟ್ಟು...

ಸಮಾಧಿಗಳಿಗೆ ತೀರ್ಥ ಚಿಮುಕಿಸುತ್ತಾ ಬಂದ ಫಾದರ ಮುಂದೆ ಅವಳು ನನ್ನನ್ನು ತೋಳು ಹಿಡಿದು ನಿಲ್ಲಿಸಿದಳು. "ಯಾಕೆ ಬಿಟ್ರಿ?" ಎಂದು ಅವರು ಕೇಳಿದರು. ಸುಳ್ಳು ಹೇಳುವ ಜಾಗವಲ್ಲ. "ಬಸ್ಸಾರು, ಫಾದರ್" ಎಂದೆ.

ಅವರು ನಗಲಿಲ್ಲ. "ಆರು ಊರು, ಒಂದು ಬೈಕು," ಎಂದರು. "ಬೆಳಗ್ಗೆಯಿಂದ ನಾನು ಬನ್ನು ತಿಂದ್ಕೊಂಡೇ ಓಡಾಡ್ತಾ ಇದೀನಿ." ಆಮೇಲೆ ನಿನ್ನ ಶಿಲುಬೆಯ ಮೇಲಿನ ಹೆಸರನ್ನು ಓದಿ, "ಇವರು ಚೆನ್ನಾಗಿ ಮಾಡ್ತಿದ್ರಾ?" ಎಂದು ಕೇಳಿದರು. ನಾನು ತಲೆಯಾಡಿಸಿದೆ. ಅಕ್ಕ ಜಾಗದ ವಿಷಯ ಎತ್ತಿದಳು. ಅವರು ನನ್ನ ಕಡೆ ಕೈ ತೋರಿಸಿ ಹೇಳಿದರು: "ಇವರ ಹೆಸರು ನಮ್ಮ ಜ್ಞಾನಸ್ನಾನದ ಪುಸ್ತಕದಲ್ಲಿದೆ ಅಮ್ಮಾ. ಯಾವ ತೊಟ್ಟಿ ನೀರಿಗೂ ಆ ಬರಹ ಅಳಿಸಿಹೋಗಲ್ಲ. ನಾನಿರೋವರೆಗೂ ಜಾಗಕ್ಕೆ ತೊಂದರೆ ಇಲ್ಲ." ಮತ್ತೆ ಕೊಂಚ ಸಂಕೋಚದಿಂದ, "ಆದ್ರೆ ಐದಾರು ವರ್ಷಕ್ಕೆ ನಂಗೆ ಟ್ರಾನ್ಸ್‌ಫರ್ ಆಗುತ್ತೆ" ಎಂದರು. ಅಂದರೆ ಅಷ್ಟರೊಳಗೆ ನೋಡಿಕೊಳ್ಳಿ ಎಂದು. ಸಾವಿಗೂ ಲಾಸ್ಟ್ ಡೇಟ್ ಕೊಟ್ಟ ಹಾಗಾಯಿತು.

ಅಕ್ಕ ಮೂಗೊರೆಸಿಕೊಂಡು, "ಮುಂದಿನ ಫಾದರ್ ಬಂದ್ರೆ ನಾ ಮಾತಾಡ್ತೀನಿ ಬಿಡು. ನಮ್ಮ ಲೂರ್ದು ಒಬ್ಬಳೇ ಇರಬಾರದು" ಎಂದಳು. ಅವಳು ನನಗಿಂತ ಆರು ವರ್ಷ ದೊಡ್ಡವಳು ಎಂಬುದನ್ನು ನಾನು ನೆನಪಿಸಲಿಲ್ಲ.

ಭಾನುವಾರ ನಂದಿಯ ಹತ್ತಿರ ಒಬ್ಬ ವಿಶ್ವಾಸಿಯ ದ್ರಾಕ್ಷಿತೋಟದ ಸಿಮೆಂಟ್ ತೊಟ್ಟಿಯಲ್ಲಿ ನನ್ನನ್ನು ಇಳಿಸಿದರು. ಎದೆಮಟ್ಟದ ನೀರು, ಈಜು ಬಾರದ ನಾನು, ತೇಲುತ್ತಿರುವ ನನ್ನ ಪಂಚೆ. ಪಾಸ್ಟರು ಬೆನ್ನಿಗೆ ಕೈ ಕೊಟ್ಟು, "ಹೆದರಬೇಡಿ ಅಣ್ಣಾ. ನೀರೊಳಗೆ ಹಳೇ ಮನುಷ್ಯ ಸಾಯ್ತಾನೆ, ಮೇಲಕ್ಕೆ ಹೊಸಬನು ಬರ್ತಾನೆ" ಎಂದರು.

ಸಾಯ್ತಾನೆ! ಆ ಮಾತು ಕಿವಿಗೆ ಬಿದ್ದ ಕೂಡಲೇ ಫ್ಲ್ಯಾಶ್ ಆಯಿತು. ಬದುಕಿರುವವರು ಸತ್ತವರ ಜೊತೆ ಮಾತಾಡಬಾರದು, ಸರಿ. ಸತ್ತವನು ಸತ್ತವಳ ಜೊತೆ ಮಾತಾಡಬಾರದೆಂದು ಯಾವ ವಚನವಿದೆ? ಎರಡು ಸೆಕೆಂಡಿನ ಮಟ್ಟಿಗೆ ನಾನೂ ನಿನ್ನ ಕಡೆಯವನೇ. ಅವರು ಮೂಗು ಹಿಡಿದು ಮುಳುಗಿಸಿದರು. ಕಣ್ಣು ಮುಚ್ಚಿ, ಬಾಯಿ ತೆರೆದು ಹೇಳಿಬಿಟ್ಟೆ. ಅರ್ಧ ತೊಟ್ಟಿ ನೀರು ಒಳಗೆ ಹೋಯಿತು. ಕೆಮ್ಮುತ್ತಾ ಎದ್ದವನನ್ನು ನೋಡಿ ಎಲ್ಲರೂ ಪವಿತ್ರಾತ್ಮ ಬಂದಿತೆಂದು ಸ್ತೋತ್ರ ಹೇಳಿದರು. ನಿನಗೆ ಕೇಳಿಸಿತೋ ಇಲ್ಲವೋ ಎಂದು ಇಲ್ಲಿ ಮತ್ತೆ ಬರೆಯುತ್ತಿದ್ದೇನೆ: ಸಾರು ಚೆನ್ನಾಗಿತ್ತು ಲೂರ್ದೂ. ಬಹಳ ಚೆನ್ನಾಗಿತ್ತು. ಎರಡು ಹೊತ್ತೂ.

ಇನ್ನೊಂದು ವಿಷಯ. ಈಗ ಫಾದರ್ ಬರುವ ಭಾನುವಾರಗಳಲ್ಲಿ ಮೇಲೂರಿಗೆ ಹೋಗುವ ಮುಂಚೆ ನಾನೇ ಮುದ್ದೆ ತಿರುವಿ, ಬಸ್ಸಾರು ಮಾಡಿ ದೇವಾಲಯದ ಬಾಗಿಲಿಗೆ ಒಯ್ಯುತ್ತೇನೆ. ನೀನು ಹುರಿಯುತ್ತಿದ್ದ ಹಾಗೇ ಮೆಣಸಿನಕಾಯಿ ಹುರಿದು, ನಿನ್ನ ಒರಳಿನಲ್ಲೇ ರುಬ್ಬಿ. ಮೊನ್ನೆ ಅವರು ಹೆಲ್ಮೆಟ್ ಬದಿಗಿಟ್ಟು ಜಗಲಿಯಲ್ಲಿ ಕೂತು ಪೂರ್ತಿ ಊಟ ಮಾಡಿದರು. ನಾನು ಎದುರಿಗೆ ನಿಂತು, ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಾ, "ಸಾರು ಹೆಂಗಿತ್ತು ಫಾದರ್?" ಎಂದು ಕೇಳಿದೆ.

"ಪರವಾಗಿಲ್ಲ" ಎಂದರು.

ಮೂವತ್ತನಾಲ್ಕು ವರ್ಷ ಹೇಗೆ ತಡೆದುಕೊಂಡೆಯೇ?

ನಿನ್ನ ಪಕ್ಕದ ಜಾಗದ ಕಳೆಯನ್ನೂ ಕಿತ್ತಿಟ್ಟಿರುವ,
ಇನ್ನಾಸಪ್ಪ